ಆಮ್ಲಜನಕದ ಸರದಿ ಕೊನೆಯಲ್ಲಿ

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಬಿಡದೆ ಹೊಡೆಯತೊಡಗಿದ ಮೇಲೆ ನಮ್ಮ ತೋಟದ ತಗ್ಗಿನ ಕಡೆ ಬಂದು ನೋಡಿದವರು, ಪಾಪ, ಈ ಕಾಫಿ ಗಿಡಗಳಿಗೆ ನೀರು ಸಾಲದೆ ಹೀಗಾಗಿದೆ ಎಂದೇ ಹೇಳಿಯಾರು. ಎಲೆ ಜೋತುಬಿದ್ದು ಹಳದಿಗೆ ತಿರುಗಿರುತ್ತದೆ. ಎಳೆ ಕಾಯಿ ಉದುರಿ ತೇಲುತ್ತಿರುತ್ತದೆ. ಬುಡದಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ನೀರಲ್ಲಿ ನಿಂತೇ ಬಾಯಾರಿದ ಗಿಡ! ಬದು ದಾಟಿ ಇಳಿದರೆ ಗದ್ದೆ. ಅಲ್ಲಿಯೂ ಅದೇ ಮಳೆ, ನೀರು ಇನ್ನೂ ಆಳ. ಆದರೆ ನಾಟಿಯಾದ ಭತ್ತ ಏನೂ ಆಗದವರ ಹಾಗೆ ಹಸಿರುಕ್ಕಿ ನಿಂತಿರುತ್ತದೆ. ಕಾಫಿ ಮಂಡಳಿಯವರು ಮೇಲಿನದನ್ನು 'ವೆಟ್ ಫೂಟ್' ಅನ್ನುತ್ತಾರೆ. ನಮ್ಮ ಕಡೆ ಬೇರು ಕೊಳೆಯಿತು ಅನ್ನುತ್ತೇವೆ, ಅಷ್ಟಕ್ಕೇ ಮಾತು ಮುಗಿಯುತ್ತದೆ. ಆದರೆ ಕೊಳೆಯುವುದು ಆಮೇಲಿನ ಕಥೆ. ಅದಕ್ಕೂ ಮೊದಲು ಬೇರಿಗೆ ಉಸಿರು ಕಟ್ಟಿರುತ್ತದೆ.

ಬೇರೂ ಉಸಿರಾಡುತ್ತದೆ ಅಂದರೆ ತಲೆಯಾಡಿಸುತ್ತಾರೆ. ಆಮ್ಲಜನಕ ಬೇಕು, ಸರಿ. ಯಾಕೆ ಬೇಕು ಅಂತ ಕೇಳಿದರೆ ಬರುವ ಉತ್ತರ ಎಲ್ಲ ಕಡೆಯೂ ಒಂದೇ: ಆಹಾರವನ್ನು ಸುಡಲಿಕ್ಕೆ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವನು, ಆಮೇಲೆ ಅಪ್ಪನ ತೋಟಕ್ಕೆ ಮರಳಿದವನು. ಬಹಳ ಕಾಲ ನನ್ನ ತಲೆಯಲ್ಲೂ ಇದ್ದದ್ದು ಒಲೆಯ ಚಿತ್ರವೇ. ಒಲೆಗೆ ಸೌದೆ, ಸೌದೆಗೆ ಗಾಳಿ, ಗಾಳಿಯಿಂದ ಉರಿ. ಈ ಚಿತ್ರ ಪೂರ್ತಿ ಸುಳ್ಳಲ್ಲ. ಅರ್ಧ ನಿಜವಾಗಿರುವುದರಿಂದಲೇ ಅದು ಇಷ್ಟು ದಿನ ಬಾಳಿದೆ.

ಆ ಅರ್ಧ ನಿಜಕ್ಕೆ ತಳಹದಿ ಹಾಕಿದವರು ಫ್ರಾನ್ಸಿನ ಲಾವೊಸಿಯೆ. 1782-83ರ ಚಳಿಗಾಲದಲ್ಲಿ ಗಣಿತಜ್ಞ ಲಾಪ್ಲಾಸ್ ಜೊತೆ ಸೇರಿ ಒಂದು ಗಿನಿಯಿಲಿಯನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯಲ್ಲಿ ಕೂರಿಸಿದರು. ಅದರ ಮೈಬಿಸಿಗೆ ಎಷ್ಟು ಮಂಜು ಕರಗಿತು, ಅದು ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಿತು ಎಂದು ಅಳೆದರು. ಅಷ್ಟೇ ಅನಿಲ ಕೊಡುವಷ್ಟು ಇದ್ದಿಲನ್ನು ಸುಟ್ಟು ಅದರ ಬಿಸಿಯ ಜೊತೆ ಹೋಲಿಸಿದರು. ಲೆಕ್ಕ ಹತ್ತಿರ ಹತ್ತಿರ ಬಂತು. ಉಸಿರಾಟವೆಂದರೆ ನಿಧಾನವಾದ ಉರಿ ಎಂದರು. ಗ್ಲೂಕೋಸನ್ನು ಬೆಂಕಿಗೆ ಹಾಕಿದರೂ ದೇಹದೊಳಗೆ ಹಾಕಿದರೂ ಕೊನೆಗೆ ಸಿಗುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು, ಒಟ್ಟು ಶಕ್ತಿಯೂ ಒಂದೇ. ಜಮಾಖರ್ಚಿನ ಮಟ್ಟಿಗೆ ಲಾವೊಸಿಯೆ ಹೇಳಿದ್ದು ಸರಿ. 1794ರಲ್ಲಿ ಕ್ರಾಂತಿಯವರು ಅವರ ತಲೆ ತೆಗೆದರು, ತೆರಿಗೆ ವಸೂಲಿಯ ಕಂಪನಿಯಲ್ಲಿ ಪಾಲಿತ್ತು ಎಂಬ ಕಾರಣಕ್ಕೆ. ವಿಜ್ಞಾನ ಬೇರೆ, ಕಂದಾಯ ಬೇರೆ.

ಒಲೆಯ ಚಿತ್ರ ತಪ್ಪುವುದು ಒಳಗಿನ ದಾರಿಯಲ್ಲಿ. ಒಲೆಯಲ್ಲಿ ಆಮ್ಲಜನಕ ನೇರವಾಗಿ ಸೌದೆಯ ಮೇಲೆ ಬೀಳುತ್ತದೆ. ಜೀವಕೋಶದಲ್ಲಿ ಆಮ್ಲಜನಕವೂ ಗ್ಲೂಕೋಸೂ ಒಮ್ಮೆಯೂ ಮುಖಾಮುಖಿಯಾಗುವುದಿಲ್ಲ.

ಬೆಳಿಗ್ಗೆ ತಿಂದ ಕಡಂಬುಟ್ಟಿನ, ಅಂದರೆ ಅಕ್ಕಿ ತರಿಯ ಉಂಡೆಯ, ಪಿಷ್ಟ ಗ್ಲೂಕೋಸಾಗಿ ರಕ್ತಕ್ಕೆ ಸೇರಿ ಜೀವಕೋಶದೊಳಗೆ ಬಂತು ಅನ್ನಿ. ಮೊದಲ ಹಂತದಲ್ಲಿ ಆರು ಇಂಗಾಲದ ಆ ಕಣ ಮೂರು ಇಂಗಾಲದ ಎರಡು ತುಂಡಾಗುತ್ತದೆ. ಈ ತುಂಡಿನ ಹೆಸರು ಪೈರುವೇಟ್. ಇದಕ್ಕೆ ಆಮ್ಲಜನಕ ಬೇಕಿಲ್ಲ. ಲಾಭ ಎರಡು ಎಟಿಪಿ, ಅಷ್ಟೇ. ಎಟಿಪಿ ಅಂದರೆ ಜೀವಕೋಶ ಯಾವ ಕೆಲಸಕ್ಕೂ ಖರ್ಚು ಮಾಡುವ ಚಿಲ್ಲರೆ. ಸ್ನಾಯು ಎಳೆಯಲಿಕ್ಕೆ, ನರ ಮಿಡಿಯಲಿಕ್ಕೆ, ಬೇರು ಮಣ್ಣಿನಿಂದ ಪೊಟ್ಯಾಶ್ ಹೀರಲಿಕ್ಕೆ, ಎಲ್ಲದಕ್ಕೂ ಅದೇ. ಯಾವ ಹೊತ್ತಿನಲ್ಲಿ ತೂಗಿದರೂ ಒಬ್ಬ ಮನುಷ್ಯನ ಮೈಯಲ್ಲಿರುವ ಎಟಿಪಿ ಕಾಲು ಕಿಲೋ ದಾಟದು. ಆದರೆ ಅದನ್ನೇ ಮತ್ತೆ ಮತ್ತೆ ಒಡೆದು ಜೋಡಿಸುತ್ತಾ ದಿನಕ್ಕೆ ಸುಮಾರು ನಮ್ಮದೇ ತೂಕದಷ್ಟು ಎಟಿಪಿ ತಿರುಗಿಸುತ್ತೇವೆ.

ಪೈರುವೇಟ್ ಮುಂದೆ ಮೈಟೊಕಾಂಡ್ರಿಯ ಎಂಬ, ಜೀವಕೋಶದೊಳಗಿನ ಪುಟ್ಟ ಅಂಗದೊಳಗೆ ಹೋಗುತ್ತದೆ. ಅಲ್ಲಿ ಒಂದು ಇಂಗಾಲ ಕಳೆದುಕೊಂಡು, ಉಳಿದದ್ದು ಒಂದು ಚಕ್ರಕ್ಕೆ ಸೇರಿ, ಸುತ್ತು ಮುಗಿಯುವ ಹೊತ್ತಿಗೆ ಇಂಗಾಲವೆಲ್ಲ ಡೈಆಕ್ಸೈಡಾಗಿ ಹೊರಬಿದ್ದಿರುತ್ತದೆ. ಇದನ್ನು ಕಂಡುಹಿಡಿದವರು ಹಾನ್ಸ್ ಕ್ರೆಬ್ಸ್. ನಾಜಿಗಳು ಕೆಲಸದಿಂದ ತೆಗೆದಮೇಲೆ 1933ರಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ. 1937ರಲ್ಲಿ ಶೆಫೀಲ್ಡಿನಲ್ಲಿದ್ದಾಗ ಈ ಚಕ್ರದ ಬಗ್ಗೆ ಬರೆದು 'ನೇಚರ್' ಪತ್ರಿಕೆಗೆ ಕಳಿಸಿದರು. ನಮ್ಮಲ್ಲಿ ಏಳೆಂಟು ವಾರಕ್ಕಾಗುವಷ್ಟು ಪತ್ರಗಳು ಈಗಾಗಲೇ ಇವೆ ಎಂದು ಪತ್ರಿಕೆಯವರು ವಾಪಸ್ ಕಳಿಸಿದರು. ಹಾಲೆಂಡಿನ ಒಂದು ಪತ್ರಿಕೆ ಅಚ್ಚು ಹಾಕಿತು. 1953ರಲ್ಲಿ ಅದಕ್ಕೆ ನೊಬೆಲ್ ಬಂತು. ಬರೆದದ್ದು ವಾಪಸ್ ಬಂದಾಗಲೆಲ್ಲ ನಾನು ಇದನ್ನು ನೆನೆಸಿಕೊಳ್ಳುತ್ತೇನೆ. ನನ್ನ ಬರಹಕ್ಕೂ ಕ್ರೆಬ್ಸರ ಚಕ್ರಕ್ಕೂ ಏನೂ ಸಂಬಂಧವಿಲ್ಲ ಅನ್ನುವುದು ಬೇರೆ ಮಾತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನಾವು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ ಹುಟ್ಟುವುದೇ ಈ ಹಂತದಲ್ಲಿ. ಆದರೆ ಇಲ್ಲಿಯವರೆಗೆ ನಾವು ಎಳೆದುಕೊಂಡ ಆಮ್ಲಜನಕ ಸುಳಿದೇ ಇಲ್ಲ. ಹೊರಬಿಡುವ ಡೈಆಕ್ಸೈಡಿನಲ್ಲಿರುವ ಆಮ್ಲಜನಕದ ಪರಮಾಣುಗಳು ಬಂದಿರುವುದು ತಿಂದ ಅನ್ನದಿಂದ ಮತ್ತು ಜೀವಕೋಶದೊಳಗಿನ ನೀರಿನಿಂದ. ಮೂಗಿನಲ್ಲಿ ಎಳೆದ ಆಮ್ಲಜನಕ ಆಗುವುದು ನೀರು. ಉಸಿರು ಒಳಗೆ ಹೋಗಿ ಡೈಆಕ್ಸೈಡಾಗಿ ಹೊರಗೆ ಬಂತು ಎಂದು ಶಾಲೆಯ ಗೋಡೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುವ ಚಿತ್ರ ಎರಡು ಬೇರೆ ಕಥೆಗಳನ್ನು ಒಂದಾಗಿ ಹೊಲಿದುಬಿಟ್ಟಿದೆ.

ಹಾಗಾದರೆ ಆಮ್ಲಜನಕ ಏನು ಮಾಡುತ್ತದೆ? ಚಕ್ರ ತಿರುಗುವಾಗ ಆಹಾರದ ಕಣದಿಂದ ಕಿತ್ತ ಎಲೆಕ್ಟ್ರಾನ್‌ಗಳು ಉಳಿದಿವೆಯಲ್ಲ, ಅವುಗಳನ್ನು ಎಲ್ಲೋ ಒಂದು ಕಡೆ ಇಳಿಸಬೇಕು. ನಮ್ಮ ಕಣಿವೆಯ ಗದ್ದೆ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಮೇಲಿನ ಗದ್ದೆಯ ನೀರು ಬದುವಿನ ಕಂಡಿಯಿಂದ ಕೆಳಗಿನದಕ್ಕೆ ಬೀಳುತ್ತದೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ತೋಡು ಸೇರುತ್ತದೆ. ತೋಡಿಗೆ ಮರ ಬಿದ್ದು ಕಟ್ಟಿಕೊಂಡರೆ ಕೊನೆಯ ಗದ್ದೆ ಮಾತ್ರ ತುಂಬಿ ನಿಲ್ಲುವುದಿಲ್ಲ. ಒಂದೊಂದಾಗಿ ಮೇಲಿನವೂ ತುಂಬಿ, ಯಾವ ಕಂಡಿಯಲ್ಲೂ ನೀರು ಬೀಳದ ಹಾಗಾಗುತ್ತದೆ. ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಸಾಲಾಗಿ ಕೂತ ಪ್ರೋಟೀನುಗಳು ಎಲೆಕ್ಟ್ರಾನನ್ನು ಮೇಲಿನಿಂದ ಕೆಳಕ್ಕೆ ಹೀಗೇ ದಾಟಿಸುತ್ತವೆ. ತೋಡಿನ ಜಾಗದಲ್ಲಿ ಇರುವುದು ಆಮ್ಲಜನಕ. ಎಲೆಕ್ಟ್ರಾನನ್ನು ಅದರಷ್ಟು ಆಸೆಯಿಂದ ಹಿಡಿದುಕೊಳ್ಳುವ, ಅದರಷ್ಟು ಸುಲಭವಾಗಿ ಸಿಗುವ ವಸ್ತು ಸುತ್ತಮುತ್ತ ಬೇರೆ ಇಲ್ಲ. ನಾಲ್ಕು ಎಲೆಕ್ಟ್ರಾನ್, ನಾಲ್ಕು ಪ್ರೋಟಾನ್ ತೆಗೆದುಕೊಂಡು ಒಂದು ಆಮ್ಲಜನಕದ ಅಣು ಎರಡು ನೀರಿನ ಅಣುವಾಗುತ್ತದೆ. ಕೆಲಸ ಅಷ್ಟೇ. ಆದರೆ ಅದಿಲ್ಲದಿದ್ದರೆ ಮೇಲಿನದೆಲ್ಲ ನಿಂತಿತು. ಕ್ರೆಬ್ಸರ ಚಕ್ರಕ್ಕೆ ನೇರವಾಗಿ ಆಮ್ಲಜನಕ ಬೇಡದಿದ್ದರೂ ಆಮ್ಲಜನಕವಿಲ್ಲದೆ ಅದು ತಿರುಗುವುದಿಲ್ಲ, ಕಾರಣ ಇದೇ.

ಈ ಇಳಿಜಾರನ್ನು ಮೊದಲು ಕಣ್ಣಾರೆ ಕಂಡವರು ಕೇಂಬ್ರಿಜಿನ ಡೇವಿಡ್ ಕೈಲಿನ್. ಅವರು ನೋಡಿದ ಜೀವಿಗಳಲ್ಲಿ ಒಂದು ನಮ್ಮ ಜೇನು ಸಾಕುವವರಿಗೆಲ್ಲ ಗೊತ್ತಿರುವ ಶತ್ರು: ಎರಿ ತಿಂದು ಪೆಟ್ಟಿಗೆಯನ್ನೇ ಹಾಳು ಮಾಡುವ ಮೇಣದ ಪತಂಗ. ಜೀವಂತ ಪತಂಗವನ್ನು ಗಾಜಿಗೆ ಅಂಟಿಸಿ ಅದರ ಎದೆಯ ಸ್ನಾಯುವಿನ ಮೂಲಕ ಹಾದ ಬೆಳಕನ್ನು ವರ್ಣದರ್ಶಕದಲ್ಲಿ ನೋಡಿದರು. ಪತಂಗ ಸುಮ್ಮನಿದ್ದಾಗ ಏನೂ ಕಾಣದ ಕಡೆ, ಅದು ರೆಕ್ಕೆ ಬಡಿದು ಒದ್ದಾಡತೊಡಗಿದರೆ ಕಪ್ಪು ಪಟ್ಟಿಗಳು ಮೂಡುತ್ತಿದ್ದವು. ಎಲೆಕ್ಟ್ರಾನ್ ತುಂಬಿಕೊಂಡ ಸೈಟೊಕ್ರೋಮ್ ಪ್ರೋಟೀನಿನ ಗುರುತು ಅದು. ಯೀಸ್ಟನ್ನು ಗಾಳಿಯಲ್ಲಿ ಕುಲುಕಿದರೆ ಪಟ್ಟಿ ಮಾಯ, ಕುಲುಕುವುದು ನಿಲ್ಲಿಸಿದರೆ ಮತ್ತೆ ಹಾಜರು. 1925ರಲ್ಲಿ ಇದನ್ನು ಪ್ರಕಟಿಸಿದರು. ಮೇಣದ ಪತಂಗದಿಂದ ಲೋಕಕ್ಕೆ ಆದ ಒಂದೇ ಉಪಕಾರ ಇದು ಅಂತ ನನ್ನ ಅಭಿಪ್ರಾಯ.

ಎಲೆಕ್ಟ್ರಾನ್ ಇಳಿಯುತ್ತದೆ, ಸರಿ, ಅದರಿಂದ ಎಟಿಪಿ ಹೇಗೆ ಬರುತ್ತದೆ? ಈ ಪ್ರಶ್ನೆ ದೊಡ್ಡ ದೊಡ್ಡವರನ್ನೆಲ್ಲ ಸುಸ್ತು ಮಾಡಿತು. ಎಲೆಕ್ಟ್ರಾನಿನ ಶಕ್ತಿಯನ್ನು ಹಿಡಿದು ಎಟಿಪಿಗೆ ದಾಟಿಸುವ ಯಾವುದೋ ಒಂದು ರಾಸಾಯನಿಕ ಇರಲೇಬೇಕು ಎಂದುಕೊಂಡು ವರ್ಷಗಟ್ಟಲೆ ಹುಡುಕಿದರು, ಸಿಗಲಿಲ್ಲ. 1961ರಲ್ಲಿ ಪೀಟರ್ ಮಿಚೆಲ್ ಎಂಬ ಇಂಗ್ಲಿಷಿನವರು, ಅಂಥ ರಾಸಾಯನಿಕ ಇಲ್ಲವೇ ಇಲ್ಲ ಅಂದುಬಿಟ್ಟರು. ಎಲೆಕ್ಟ್ರಾನ್ ಇಳಿಯುವ ಪ್ರತಿ ಹಂತದಲ್ಲಿ ಸಿಗುವ ಶಕ್ತಿಯಿಂದ ಪ್ರೋಟಾನ್‌ಗಳನ್ನು ಪೊರೆಯ ಆಚೆಗೆ ತಳ್ಳಲಾಗುತ್ತದೆ. ಆಚೆ ಕಿಕ್ಕಿರಿದ ಪ್ರೋಟಾನ್‌ಗಳು ಈಚೆಗೆ ನುಗ್ಗಲು ಹವಣಿಸುತ್ತವೆ. ಆ ನುಗ್ಗಾಟವೇ ಎಟಿಪಿ ಕಟ್ಟುವ ಶಕ್ತಿ, ಎಂದರು. ಯಾರೂ ನಂಬಲಿಲ್ಲ. ಮಿಚೆಲ್‌ಗೆ ಹೊಟ್ಟೆಯ ಹುಣ್ಣು ಬೇರೆ. 1963ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಕೆಲಸ ಬಿಟ್ಟು, ಕಾರ್ನ್‌ವಾಲ್‌ನ ಹಳ್ಳಿಗಾಡಿನಲ್ಲಿ ಪಾಳುಬಿದ್ದ ದೊಡ್ಡ ಮನೆಯೊಂದನ್ನು ರಿಪೇರಿ ಮಾಡಿಸಿ, ಹಾಲಿನ ಹಸು ಸಾಕಿಕೊಂಡು, ಅಲ್ಲೇ ಪ್ರಯೋಗಾಲಯ ಕಟ್ಟಿಕೊಂಡರು. ಕೆಲಸ ಬಿಟ್ಟು ಊರಿಗೆ ಬಂದವರನ್ನು ನೋಡಿ ಮೂಗು ಮುರಿಯುವವರಿಗೆ ಈ ಉದಾಹರಣೆ ಕೊಡುವುದು ನನಗೆ ಇಷ್ಟ.

ಪುರಾವೆ ಬೇರೆಯವರ ಕೈಯಿಂದಲೂ ಬಂತು. ಅಮೆರಿಕದ ಆಂಡ್ರೆ ಯಾಗೆಂಡಾರ್ಫ್ ಪಾಲಕ್ ಸೊಪ್ಪಿನ ಹರಿತ್ಕಣಗಳನ್ನು, ಅಂದರೆ ಬಿಸಿಲು ಹಿಡಿದು ಎಟಿಪಿ ಕಟ್ಟುವ ಎಲೆಯ ಹಸಿರು ಕಣಗಳನ್ನು, ಆಮ್ಲದಲ್ಲಿ ನೆನೆಸಿ, ಕತ್ತಲಲ್ಲೇ ತಟಕ್ಕನೆ ಕ್ಷಾರಕ್ಕೆ ಬದಲಿಸಿದರು. ಬಿಸಿಲಿಲ್ಲ, ಎಲೆಕ್ಟ್ರಾನಿನ ಓಟವಿಲ್ಲ. ಒಳಗೆ ಪ್ರೋಟಾನ್ ಹೆಚ್ಚು, ಹೊರಗೆ ಕಡಿಮೆ, ಅಷ್ಟೇ. ಎಟಿಪಿ ಹುಟ್ಟಿತು. 1974ರಲ್ಲಿ ರ‍್ಯಾಕರ್ ಮತ್ತು ಸ್ಟೋಕೆನಿಯಸ್ ಇನ್ನೂ ಮೋಜಿನ ಕೆಲಸ ಮಾಡಿದರು. ಕೃತಕವಾಗಿ ಮಾಡಿದ ಕೊಬ್ಬಿನ ಗುಳ್ಳೆಯೊಂದರಲ್ಲಿ ಉಪ್ಪುನೀರಿನ ಸೂಕ್ಷ್ಮಜೀವಿಯಿಂದ ತೆಗೆದ, ಬೆಳಕು ಬಿದ್ದರೆ ಪ್ರೋಟಾನ್ ತಳ್ಳುವ ಪ್ರೋಟೀನನ್ನೂ, ದನದ ಹೃದಯದಿಂದ ತೆಗೆದ ಎಟಿಪಿ ಕಟ್ಟುವ ಕಿಣ್ವವನ್ನೂ ಒಟ್ಟಿಗೆ ಕೂರಿಸಿದರು. ಬೆಳಕು ಬಿಟ್ಟರು, ಎಟಿಪಿ ಬಂತು. ಒಂದರ ಮುಖ ಇನ್ನೊಂದು ಎಂದೂ ನೋಡಿರದ ಎರಡು ಯಂತ್ರಗಳು, ನಡುವೆ ಪ್ರೋಟಾನ್ ಬಿಟ್ಟರೆ ಬೇರೆ ಮಾತುಕತೆ ಇಲ್ಲ. ಅದಾದ ಮೇಲೆ ವಾದಕ್ಕೆ ಹೆಚ್ಚು ಉಳಿದಿರಲಿಲ್ಲ. 1978ರ ರಸಾಯನಶಾಸ್ತ್ರದ ನೊಬೆಲ್ ಮಿಚೆಲ್ ಒಬ್ಬರಿಗೇ ಬಂತು.

ಎಟಿಪಿ ಕಟ್ಟುವ ಆ ಕಿಣ್ವ ತಿರುಗುತ್ತದೆ. ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಗಿರಗಿರನೆ ತಿರುಗುತ್ತದೆ. ಪ್ರೋಟಾನ್‌ಗಳು ಅದರ ಬಳೆಯಾಕಾರದ ಭಾಗದ ಮೂಲಕ ನುಗ್ಗುವಾಗ ಬಳೆ ಸುತ್ತುತ್ತದೆ, ಅದಕ್ಕೆ ಅಂಟಿದ ಅಚ್ಚು ಸುತ್ತುತ್ತದೆ, ಅಚ್ಚಿನ ಸುತ್ತ ಕೂತ ಮೂರು ಜೋಡಿ ಹಾಲೆಗಳು ಒತ್ತಿ ಒತ್ತಿ ಎಟಿಪಿ ಕಟ್ಟುತ್ತವೆ. ನಮ್ಮಂಥ ಪ್ರಾಣಿಗಳಲ್ಲಿ ಎಂಟು ಪ್ರೋಟಾನಿಗೆ ಒಂದು ಸುತ್ತು, ಒಂದು ಸುತ್ತಿಗೆ ಮೂರು ಎಟಿಪಿ. 1997ರಲ್ಲಿ ಜಪಾನಿನವರು ಆ ಅಚ್ಚಿಗೆ ಹೊಳೆಯುವ ಎಳೆಯೊಂದನ್ನು ಅಂಟಿಸಿ ಅದು ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಅದೇ ವರ್ಷ ಈ ಕಿಣ್ವದ ಗುಟ್ಟು ಬಿಡಿಸಿದ್ದಕ್ಕೆ ಪಾಲ್ ಬೋಯರ್ ಮತ್ತು ಜಾನ್ ವಾಕರ್‌ಗೆ ನೊಬೆಲ್ ಬಂತು. ಪೊರೆಯ ಎರಡು ಬದಿಯ ನಡುವಿನ ವ್ಯತ್ಯಾಸ 150ರಿಂದ 200 ಮಿಲಿವೋಲ್ಟ್. ಟಾರ್ಚಿನ ಸೆಲ್ಲಿಗಿಂತಲೂ ಕಡಿಮೆ. ಆದರೆ ಪೊರೆಯ ದಪ್ಪ ಐದಾರು ನ್ಯಾನೋಮೀಟರ್ ಮಾತ್ರ. ಮೀಟರಿನ ಲೆಕ್ಕಕ್ಕೆ ತಂದರೆ ಸುಮಾರು ಮೂರು ಕೋಟಿ ವೋಲ್ಟ್. ಒಂದು ಗ್ಲೂಕೋಸಿನಿಂದ ಒಟ್ಟು 30ರಿಂದ 32 ಎಟಿಪಿ ಸಿಗುವುದು ಈ ಏರ್ಪಾಟಿನಿಂದ. ಆಮ್ಲಜನಕ ಇಲ್ಲದಿದ್ದರೆ ಮೊದಲ ಹಂತದ ಎರಡೇ.

ಮೂವತ್ತೆಲ್ಲಿ, ಎರಡೆಲ್ಲಿ! ಕಾಫಿಯ ಬೇರಿಗೆ ಬಂದೊದಗುವುದು ಈ ಬಡತನ. ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇದ್ದ ಜಾಗವನ್ನೆಲ್ಲ ನೀರು ತುಂಬಿದರೆ, ಅಲ್ಲಿದ್ದ ಸ್ವಲ್ಪ ಆಮ್ಲಜನಕವನ್ನು ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಬೇಗ ಮುಗಿಸಿಬಿಡುತ್ತವೆ, ಹೊಸದು ಬರುವುದಿಲ್ಲ. ಬೇರಿನ ಜೀವಕೋಶ ಆಗ ಹುದುಗು ಹಿಡಿಸುವ ದಾರಿಗೆ ಇಳಿಯುತ್ತದೆ: ಪೈರುವೇಟನ್ನು ಮದ್ಯಸಾರ ಮಾಡಿ ಎಲೆಕ್ಟ್ರಾನನ್ನು ಅದರ ಮೇಲೇ ಇಳಿಸುತ್ತದೆ. ಸಂಬಾರಕ್ಕೂ ಸಾಲದ ಆದಾಯ. ಇದ್ದ ಸಕ್ಕರೆ ಬೇಗ ಖಾಲಿಯಾಗುತ್ತದೆ, ಜೀವಕೋಶದ ಒಳಗೆ ಹುಳಿ ಏರುತ್ತದೆ. ಈ ಹುಳಿಯೇ ಗಿಡ ಬಾಡುವುದಕ್ಕೆ ಕಾರಣ ಎಂದು 2003ರಲ್ಲಿ ಫ್ರಾನ್ಸಿನ ಸಂಶೋಧಕರು ಒಂದು ಸಣ್ಣ ಸಾಸಿವೆ ಜಾತಿಯ ಗಿಡದಲ್ಲಿ ತೋರಿಸಿದರು. ಬೇರಿನ ಪೊರೆಯಲ್ಲಿ ನೀರು ಹಾಯಲೆಂದೇ ಇರುವ ಕಂಡಿಗಳು ಹುಳಿ ಏರಿದ ಕೂಡಲೇ ಮುಚ್ಚಿಕೊಳ್ಳುತ್ತವೆ. ಸುತ್ತ ನೀರೋ ನೀರು, ಒಳಗೆ ಬಿಡುವವರಿಲ್ಲ. ಎಲೆ ಬಾಡುತ್ತದೆ. ಕಾಫಿಯ ಉಣ್ಣುವ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಪೆಟ್ಟು ಇನ್ನೂ ಜೋರು. ಇಷ್ಟು ಸೊರಗಿದ ಬೇರಿಗೆ ಶಿಲೀಂಧ್ರ ಹತ್ತುವುದು ಆಮೇಲೆ.

ಭತ್ತ ಮಾಡಿದ ಉಪಾಯ ಸರಳ. ಎಲೆಯಿಂದ ಬೇರಿನ ತುದಿಯವರೆಗೆ ಮೈಯೊಳಗೇ ಗಾಳಿಯ ಕೊಳವೆ ಇಟ್ಟುಕೊಂಡಿದೆ. ಸಸಿ ಕಿತ್ತು ಬೇರನ್ನು ಅಡ್ಡ ಕೊಯ್ದು ಬೆಳಕಿಗೆ ಹಿಡಿದರೆ ತೂತುಗಳು ಕಾಣುತ್ತವೆ. ಅದೇ ಸಸಿಯ ಬೇರಿನ ಮೇಲೆ ಕಂದು ಬಣ್ಣದ ಲೇಪ ಇರುತ್ತದಲ್ಲ, ತೊಳೆದರೂ ಹೋಗದ್ದು, ಅದು ತುಕ್ಕು. ಕೊಳವೆಯಲ್ಲಿ ಇಳಿದು ಬಂದ ಆಮ್ಲಜನಕ ಬೇರಿನಿಂದ ಸ್ವಲ್ಪ ಸೋರಿ, ಕೆಸರಿನಲ್ಲಿ ಕರಗಿದ ಕಬ್ಬಿಣವನ್ನು ಅಲ್ಲೇ ತುಕ್ಕು ಹಿಡಿಸುತ್ತದೆ. ನಾಟಿ ಮಾಡುವಾಗ ಕೈಗೆ ಹತ್ತುವ ಆ ಬಣ್ಣವನ್ನು ಎಷ್ಟು ಜನ ಗಮನಿಸಿದ್ದೇವೋ!

ಕೆಸರಿನೊಳಗೆ ಕಬ್ಬಿಣ ಕರಗಿದ್ದು ಹೇಗೆ ಅನ್ನುವುದು ಅದಕ್ಕಿಂತ ಸ್ವಾರಸ್ಯದ ವಿಷಯ. ಆಮ್ಲಜನಕ ಮುಗಿದ ಮೇಲೆ ಮಣ್ಣಿನ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ಎಲೆಕ್ಟ್ರಾನ್ ಇಳಿಸಲು ಬೇರೆ ಜಾಗ ಹುಡುಕುತ್ತವೆ. ಮೊದಲು ನೈಟ್ರೇಟ್. ಅದು ಮುಗಿದರೆ ಮ್ಯಾಂಗನೀಸ್. ಆಮೇಲೆ ಕಬ್ಬಿಣ, ನಮ್ಮ ಕೆಂಪು ಮಣ್ಣಿನ ಕೆಂಪು ಹೋಗಿ ಗದ್ದೆಯ ಅಡಿ ಬೂದಿ ಬಣ್ಣಕ್ಕೆ ತಿರುಗುವುದು ಈ ಹಂತದಲ್ಲಿ. ಇನ್ನೂ ಕೆಳಗೆ ಸಲ್ಫೇಟ್, ಅದರಿಂದ ಕೊಳೆತ ಮೊಟ್ಟೆಯ ನಾತ. ತೀರಾ ಕೊನೆಗೆ ಇಂಗಾಲದ ಡೈಆಕ್ಸೈಡಿನ ಮೇಲೇ ಇಳಿಸಿ ಮೀಥೇನ್ ಮಾಡುವ ಜೀವಿಗಳು. ಗದ್ದೆಗೆ ಕಾಲಿಟ್ಟಾಗ ಬುಳುಬುಳು ಏಳುವ ಗುಳ್ಳೆಯಲ್ಲಿ ಅದೂ ಇದೆ. ಒಂದೊಂದು ಮೆಟ್ಟಿಲು ಇಳಿದಂತೆ ಸಿಗುವ ಶಕ್ತಿ ಕಡಿಮೆಯಾಗುತ್ತ ಹೋಗುತ್ತದೆ. ಒಲೆಯ ಚಿತ್ರ ಹಿಡಿದುಕೊಂಡವರಿಗೆ ಕಬ್ಬಿಣ ಉಸಿರಾಡುವ ಜೀವಿ ಅರ್ಥವಾಗುವುದಿಲ್ಲ. ಎಲೆಕ್ಟ್ರಾನಿಗೆ ಒಂದು ತಾವು ಬೇಕು, ಆಮ್ಲಜನಕ ಅವುಗಳಲ್ಲಿ ಅತ್ಯುತ್ತಮವಾದದ್ದು ಎಂದು ಒಪ್ಪಿಕೊಂಡರೆ ತೊಡಕೇ ಇಲ್ಲ. ಭೂಮಿಯ ಗಾಳಿಗೆ ಆಮ್ಲಜನಕ ಸೇರತೊಡಗಿದ್ದೇ ಸುಮಾರು 240 ಕೋಟಿ ವರ್ಷದ ಹಿಂದೆ. ಅದಕ್ಕೂ ಮೊದಲು ಜೀವಿಗಳು ಬದುಕಿದ್ದು ಇಂಥ ಕೆಳಮೆಟ್ಟಿಲುಗಳಲ್ಲೇ.

ಆಮ್ಲಜನಕ ಧಾರಾಳವಾಗಿದ್ದೂ ದಾರಿ ಮುಚ್ಚಿದರೆ? ಇದಕ್ಕೂ ಕೊಡಗಿನ ಮಳೆಗಾಲದಲ್ಲೇ ಉದಾಹರಣೆ ಇದೆ, ಅದೂ ಅಡುಗೆಮನೆಯಲ್ಲಿ. ಕಣಿಲೆ, ಕೊಡವರು ಬೈಂಬಳೆ ಅನ್ನುವ ಎಳೆ ಬಿದಿರು. ಅದನ್ನು ಹೆಚ್ಚಿ ನೀರಲ್ಲಿ ನೆನೆಹಾಕಿ, ಆ ನೀರನ್ನು ಚೆಲ್ಲಿ, ಮತ್ತೆ ಹಾಕಿ, ಆಮೇಲೆ ಬೇಯಿಸುವುದು ಎಲ್ಲರ ಮನೆಯ ಕ್ರಮ. ಹಸಿಯಾಗಿ ಬಾಯಿಗೆ ಹಾಕಬಾರದು ಎಂದು ಹಿರಿಯರು ಗದರುವುದರಲ್ಲಿ ಪೂರ್ತಿ ಸತ್ಯವಿದೆ. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ಬಿದಿರನ್ನು ಹೆಚ್ಚಿದಾಗ, ಜಗಿದಾಗ ಅದು ಒಡೆದು ಸಯನೈಡ್ ಹುಟ್ಟುತ್ತದೆ. ನೆನೆಸಿದರೆ ನೀರಿಗೆ ಇಳಿದು ಹೋಗುತ್ತದೆ, ಕುದಿಸಿದರೆ ಹಾರಿಹೋಗುತ್ತದೆ. ಮುಚ್ಚಳ ತೆಗೆದೇ ಬೇಯಿಸಬೇಕು ಅನ್ನುವವರ ಮಾತನ್ನೂ ತೆಗೆದುಹಾಕುವಂತಿಲ್ಲ.

ಸಯನೈಡ್ ಏನು ಮಾಡುತ್ತದೆ ಎಂದರೆ, ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ಒಪ್ಪಿಸುವ ಕಟ್ಟಕಡೆಯ ಪ್ರೋಟೀನಿನ ಕಬ್ಬಿಣದ ಮೇಲೆ ಹೋಗಿ ಕೂತುಬಿಡುತ್ತದೆ. ಅಷ್ಟೇ. ಶ್ವಾಸಕೋಶ ಚೆನ್ನಾಗಿದೆ, ರಕ್ತದಲ್ಲಿ ಆಮ್ಲಜನಕ ತುಂಬಿ ತುಳುಕುತ್ತಿದೆ, ಜೀವಕೋಶದ ಬಾಗಿಲವರೆಗೂ ಬಂದಿದೆ, ಬಳಸಲಾಗುವುದಿಲ್ಲ. ಆಮ್ಲಜನಕ ಖರ್ಚಾಗದೆ ಉಳಿಯುವುದರಿಂದ, ವಾಪಸ್ ಹೃದಯಕ್ಕೆ ಬರುವ ರಕ್ತವೂ ಕಪ್ಪಾಗದೆ ಕೆಂಪಾಗಿಯೇ ಇರುತ್ತದೆ. ನಿಮಿಷಗಳಲ್ಲಿ ಸಾವು ಬರುವಷ್ಟು ಇದು ವೇಗದ ವಿಷ ಎನ್ನುವುದೇ, ನಾವು ಎಟಿಪಿಯ ದಾಸ್ತಾನು ಇಟ್ಟುಕೊಂಡವರಲ್ಲ ಎನ್ನುವುದಕ್ಕೆ ಸಾಕ್ಷಿ. ಸಾರಿನ ಬಟ್ಟಲಲ್ಲಿ ಉಳಿದಿರಬಹುದಾದ ಅಲ್ಪಸ್ವಲ್ಪಕ್ಕೆ ಹೆದರಬೇಕಿಲ್ಲ. ಗಂಧಕ ಸೇರಿಸಿ ಅದನ್ನು ಬಲಹೀನ ಮಾಡುವ ಕಿಣ್ವ ನಮ್ಮ ಮೈಟೊಕಾಂಡ್ರಿಯದಲ್ಲೇ ಇದೆ. ಮರಗೆಣಸಿನ ಕಥೆಯೂ ಇದೇ.

ಈ ಬರಹಕ್ಕೆ ಕೂತದ್ದು ನಿಜವಾಗಿ ಅಕ್ಕನ ಮಗನ ದೆಸೆಯಿಂದ. ಹುಡುಗ ಹಾಕಿ ಆಡುತ್ತಾನೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಒಕ್ಕಕ್ಕೊಂದು, ಅಂದರೆ ಮನೆತನಕ್ಕೊಂದು, ತಂಡ, ಅವನು ಅವನ ಅಪ್ಪನ ಒಕ್ಕದ ಪರ. ನಮ್ಮ ಒಕ್ಕದ ಎದುರೇ ಗೋಲು ಹೊಡೆಯುವ ದಿನ ಬಂದರೂ ಬಂದೀತು. ಒಕ್ಕ ಅಪ್ಪನ ಕಡೆಯದು, ಆದರೆ ಮೈಟೊಕಾಂಡ್ರಿಯ ಅಮ್ಮನ ಕಡೆಯದು: ಅದರೊಳಗಿನ 37 ಜೀನ್‌ಗಳು ತಾಯಿಯಿಂದ ಮಾತ್ರ ಬರುತ್ತವೆ. ಒಂದು ಕಾಲಕ್ಕೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯ ಇನ್ನೊಂದು ಜೀವಕೋಶದೊಳಗೆ ಬಿಡಾರ ಹೂಡಿದ್ದರ ಉಳಿಕೆ ಅವು. ಹಾಗೆ ನೋಡಿದರೆ ನನ್ನ ಅಮ್ಮನ ಮೈಟೊಕಾಂಡ್ರಿಯ ಮುಂದಿನ ತಲೆಮಾರಿಗೆ ಹೋಗಿರುವುದು ನನ್ನ ಮಕ್ಕಳಲ್ಲಿ ಅಲ್ಲ, ಎದುರು ತಂಡದ ಈ ಹುಡುಗನಲ್ಲಿ. ಯಾವ ಪಟ್ಟೋಲೆಯಲ್ಲೂ ಇಲ್ಲದ ವಂಶಾವಳಿ.

"ಮಾವ, ಮೊದಲ ಓಟ ಚೆನ್ನಾಗಿರುತ್ತೆ. ಎರಡು ಮೂರು ಸಲ ಚೆಂಡಿನ ಹಿಂದೆ ಹೋಗಿ ಬಂದ್ರೆ ಕಾಲು ಉರಿಯುತ್ತೆ. ಉಸಿರು ಸಾಕಾಗ್ತಿಲ್ಲ ಅನ್ಸುತ್ತೆ. ಆಕ್ಸಿಜನ್ ಕ್ಯಾನ್ ಸಿಗುತ್ತಂತೆ, ತರಿಸ್ಲಾ?" ಅಂದ.

ಮೊದಲ ಓಟಕ್ಕೆ ಉಸಿರಿನ ಹಂಗೇ ಇಲ್ಲ. ಸ್ನಾಯುವಿನಲ್ಲಿರುವ ಎಟಿಪಿ ಒಂದೆರಡು ಸೆಕೆಂಡಿಗೆ ಮುಗಿಯುತ್ತದೆ. ಮುಂದಿನ ಹತ್ತು ಸೆಕೆಂಡಿನ ಹೊತ್ತು ಅದನ್ನು ತುಂಬಿಕೊಡುವುದು ಕ್ರಿಯಾಟಿನ್ ಫಾಸ್ಫೇಟ್. ಇದನ್ನು 1927ರಲ್ಲಿ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಜೊತೆ ಗುರುತಿಸಿದವರು ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1929ರಲ್ಲಿ ಎಟಿಪಿಯನ್ನೂ ಇವರಿಬ್ಬರು ಸ್ನಾಯುವಿನಿಂದ ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ. ಆನೆಕಾಲು ರೋಗಕ್ಕೆ ಇವತ್ತಿಗೂ ಕೊಡುವ ಮಾತ್ರೆ ಆಮೇಲೆ ಸುಬ್ಬರಾವ್ ಅವರ ತಂಡದಿಂದಲೇ ಬಂದದ್ದು. ನಮ್ಮ ಪಠ್ಯಪುಸ್ತಕಗಳಲ್ಲಿ ಕ್ರೆಬ್ಸರಿಗೆ ಇರುವ ಜಾಗದ ಕಾಲುಭಾಗವೂ ಇವರಿಗಿಲ್ಲ, ಅದು ನನಗೆ ಸಿಟ್ಟು ತರಿಸುವ ವಿಷಯ.

ಹತ್ತು ಸೆಕೆಂಡ್ ದಾಟಿದ ಮೇಲೆ ಸ್ನಾಯು ಗ್ಲೂಕೋಸನ್ನು ವೇಗವಾಗಿ ಒಡೆಯತೊಡಗುತ್ತದೆ. ಮೈಟೊಕಾಂಡ್ರಿಯ ಆ ವೇಗಕ್ಕೆ ಹೊಂದಲಾರದೆ ಪೈರುವೇಟ್ ಮಿಕ್ಕಿ, ಲ್ಯಾಕ್ಟೇಟ್ ಆಗುತ್ತದೆ. ಲ್ಯಾಕ್ಟೇಟನ್ನು ಬೈಯುವುದು ಎಲ್ಲ ಮೈದಾನದಲ್ಲೂ ರೂಢಿ. ಆದರೆ ಅದು ಕಸವಲ್ಲ. ಹೃದಯ ಅದನ್ನೇ ಎತ್ತಿಕೊಂಡು ಇಂಧನ ಮಾಡಿಕೊಳ್ಳುತ್ತದೆ, ಯಕೃತ್ತು ಮತ್ತೆ ಗ್ಲೂಕೋಸ್ ಮಾಡಿ ಕಳಿಸುತ್ತದೆ. ಪಂದ್ಯದ ಮಾರನೆಯ ದಿನ ಮೆಟ್ಟಿಲು ಇಳಿಯಲಾಗದ ನೋವಿಗೂ ಅದಕ್ಕೂ ಸಂಬಂಧವಿಲ್ಲ, ಅಷ್ಟು ಹೊತ್ತಿಗೆ ಅದು ರಕ್ತದಿಂದ ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

ಇನ್ನು ಕ್ಯಾನ್. ಕೋವಿಡ್ ಸಮಯದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲರ ಮನೆಗೂ ಬಂದಿತ್ತಲ್ಲ, ಡ್ರಾಯರಿನಿಂದ ತೆಗೆದು ಅವನ ಬೆರಳಿಗೆ ಹಾಕಿದೆ. 98 ತೋರಿಸಿತು. ಆರೋಗ್ಯವಂತನ ರಕ್ತ ಶ್ವಾಸಕೋಶ ಬಿಡುವಾಗಲೇ ಆಮ್ಲಜನಕದಿಂದ ಬಹುಪಾಲು ತುಂಬಿರುತ್ತದೆ. ಮಡಿಕೇರಿಯ 1,150 ಮೀಟರ್ ಎತ್ತರ ಅದನ್ನು ಅಲುಗಿಸುವುದಿಲ್ಲ. ಮೇಲೆ ಇನ್ನಷ್ಟು ಸುರಿದರೆ ಹಿಡಿಯುವ ಜಾಗವೆಲ್ಲಿದೆ? ಸುಮ್ಮನೆ ಕೂತಾಗ ನಮಗೆ ನಿಮಿಷಕ್ಕೆ ಕಾಲು ಲೀಟರ್ ಆಮ್ಲಜನಕ ಸಾಕು, ಜೋರಾಗಿ ಓಡುವ ಹುಡುಗನಿಗೆ ಮೂರು ನಾಲ್ಕು ಲೀಟರ್ ಬೇಕು. ಆ ಡಬ್ಬಿಯಲ್ಲಿರುವುದು ಎಷ್ಟು ನಿಮಿಷಕ್ಕೆ ಬಂದೀತು? ಆಮ್ಲಜನಕ ಬೆರೆಸಿದ ನೀರಿನ ಬಾಟಲಿಯಂತೂ ಇನ್ನೂ ಹಾಸ್ಯ. ಸಾಮಾನ್ಯ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನೇ ಹಾಯಿಸಿದರೂ ಒಂದು ಲೀಟರ್ ನೀರು ಹಿಡಿದುಕೊಳ್ಳುವುದು 40 ಮಿಲಿಗ್ರಾಂ ಆಸುಪಾಸು. ಒಂದು ಸಾಧಾರಣ ಉಸಿರಿನಲ್ಲಿ ಅದರ ಮೂರು ಪಟ್ಟು ಒಳಗೆ ಬರುತ್ತದೆ. ಅದೂ ಅಲ್ಲದೆ ಹೊಟ್ಟೆ ಶ್ವಾಸಕೋಶವಲ್ಲ. ಜೋರಾಗಿ ಆಳವಾಗಿ ಉಸಿರಾಡಿ ಶಕ್ತಿ ತುಂಬಿಕೊಳ್ಳಿ ಅನ್ನುವವರಿಗೂ ಇದೇ ಉತ್ತರ. ಪ್ರಾಣಾಯಾಮದಿಂದ ಮನಸ್ಸಿಗೆ ಹಿತವಾಗುತ್ತದೆ, ನಾನೂ ಮಾಡುತ್ತೇನೆ, ಆದರೆ ಅವಸರದ ಉಸಿರಾಟದಿಂದ ಕಡಿಮೆಯಾಗುವುದು ರಕ್ತದ ಇಂಗಾಲದ ಡೈಆಕ್ಸೈಡ್. ಅದು ತೀರಾ ಇಳಿದರೆ ಮಿದುಳಿಗೆ ಹೋಗುವ ರಕ್ತವೇ ಕಡಿಮೆಯಾಗಿ ತಲೆ ಸುತ್ತುತ್ತದೆ.

"ಮತ್ತೆ ಏನು ಮಾಡ್ಲಿ?" ಅಂದ.

ಕೊರತೆ ಇರುವುದು ಗಾಳಿಯಲ್ಲಲ್ಲ, ಅದನ್ನು ಸ್ನಾಯುವಿಗೆ ಮುಟ್ಟಿಸುವ ಹೃದಯದಲ್ಲಿ ಮತ್ತು ಬಳಸುವ ಮೈಟೊಕಾಂಡ್ರಿಯದಲ್ಲಿ ಎಂದೆ. 1967ರಲ್ಲಿ ಜಾನ್ ಹಾಲೊಜಿ ಎಂಬುವರು ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದಾಗ, ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯಗಳು ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿತ್ತು. ಮನುಷ್ಯರಲ್ಲೂ ದಿಕ್ಕು ಅದೇ. ಹಬ್ಬಕ್ಕೆ ಇನ್ನೂ ತಿಂಗಳುಗಳಿವೆ, ಬೆಳಿಗ್ಗೆ ಎದ್ದು ನಮ್ಮ ತೋಟದ ಏರು ರಸ್ತೆಯಲ್ಲಿ ಓಡು ಅಂದೆ.

ಹುಡುಗ ಫೋನ್ ತೆಗೆದು ಏನೋ ಒತ್ತತೊಡಗಿದ. "ಕ್ಯಾನ್ ಆಗ್ಲೇ ಆರ್ಡರ್ ಆಗಿದೆ ಮಾವ. ಕ್ಯಾನ್ಸಲ್ ಆಗುತ್ತಾ ನೋಡ್ತಿದೀನಿ."